ಕೆಳಗಿನ ಫ್ಲ್ಯಾಟಿನ ಆಂಟಿ ಮತ್ತು ಓತಿಕ್ಯಾತ

ಮೊನ್ನೆ ಡ್ರಾಯರ್ ಖಾಲಿ ಮಾಡುವಾಗ ಒಂದು ಕಪ್ಪು ಫಿಲ್ಮ್ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಅದೇ ಘಾಟು... ಲಂಡನ್ನಿನ ಫೆಲ್ಥಮ್‌ನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದ ಆಂಟಿಯ ಮನೆಯ ವಾಸನೆ.

ತೊಂಬತ್ತರ ದಶಕದ ಕೊನೆ. ನಾನು ಮದುವೆಯಾಗಿ ಮೈಸೂರಿನಿಂದ ಹೊಸದಾಗಿ ಬಂದಿದ್ದೆ. ಆಂಟಿ ಉಡುಪಿ ಕಡೆಯವರು, ಒಂಟಿಯಾಗಿದ್ದರು. ವಿಮಾನಗಳಿಗೆ ಊಟ ಕಟ್ಟುವ ಕಿಚನ್ನಿನಲ್ಲಿ ಕೆಲಸ. ನೌಕರರಿಗೆ ಸಿಗುವ ಅಗ್ಗದ ಟಿಕೆಟ್ಟಿನಲ್ಲಿ ಉಳಿದವರು ಊರಿಗೆ ಹೋದರೆ, ಇವರು ಪ್ರತಿ ವರ್ಷ ಶ್ರೀಲಂಕಾದ ಒಂದೇ ಕಾಡಿಗೆ ಹೋಗಿ ಓತಿಕ್ಯಾತಗಳ ಫೋಟೋ ತೆಗೆದುಕೊಂಡು ಬರುತ್ತಿದ್ದರು. ಮೂಗಿನ ಮೇಲೆ ಪುಟ್ಟ ಕೊಂಬಿರುವ ಜಾತಿ. ಪ್ರತಿಯೊಂದರ ಎಡಗೆನ್ನೆಯನ್ನು ಹತ್ತಿರದಿಂದ ತೆಗೆದು, ಮರ, ಎತ್ತರ, ಸಮಯ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡುತ್ತಿದ್ದರು. ಹಿಂದಿನ ಮೂರು ವರ್ಷವೂ ಒಂದೇ ಮರದಲ್ಲಿ ತಾವು ಕಂಡದ್ದು ಒಂದೇ ಗಂಡು ಎಂಬುದು ಅವರ ವಾದ.

ತಿಂಗಳಿಗೊಮ್ಮೆ ಹಾವು, ಹಲ್ಲಿಗಳ ಆಸಕ್ತರು ಸೇರುವ ಒಂದು ಸಭೆಗೆ ಅವರು ಹೋಗುತ್ತಿದ್ದರು. ಅಲ್ಲೊಬ್ಬ ನಿವೃತ್ತ ಪ್ರೊಫೆಸರ್ ಇದನ್ನು ಒಪ್ಪಲಿಲ್ಲ. ಹಿಡಿದು, ಕಾಲ್ಬೆರಳಿನ ತುದಿ ಕತ್ತರಿಸಿ ಗುರುತು ಮಾಡದೆ ಯಾವುದು ಯಾವುದೆಂದು ಹೇಗೆ ತಿಳಿಯುತ್ತದೆ ಎಂದರಂತೆ. ಆಂಟಿ ಮನೆಗೆ ಬಂದವರೇ ನನ್ನನ್ನು ಕರೆದರು.

"ಬೆರಳು ಯಾಕೆ ಕತ್ತರಿಸಬೇಕು ಮಾರಾಯ್ತಿ? ಅದಕ್ಕೆ ಮುಖ ಇಲ್ವಾ?"

ಹದಿನೈದು ದಿನ ಇಬ್ಬರೂ ಟ್ರೇಸಿಂಗ್ ಪೇಪರ್ ಹಿಡಿದು ಕೂತೆವು. ಒಂದೇ ಅಳತೆಯಲ್ಲಿ ಪ್ರಿಂಟ್ ಹಾಕಿಸಿದ ಫೋಟೋಗಳಿಂದ ಕೆನ್ನೆಯ ಹುರುಪೆಗಳನ್ನು ಒಂದೊಂದಾಗಿ ಗೆರೆ ಎಳೆದು ಇಳಿಸಿಕೊಂಡೆವು.

ಮುಂದಿನ ಸಭೆಯಲ್ಲಿ ಇಂಗ್ಲಿಷ್ ಮಾತು ನನ್ನದು ಎಂದು ತೀರ್ಮಾನವಾಗಿತ್ತು. ಎದ್ದು ನಿಂತವಳು ಮೊದಲ ವಾಕ್ಯದಲ್ಲೇ ತಡವರಿಸಿದೆ. ಆಂಟಿ ನನ್ನ ಕೈಯಿಂದ ಕಾಗದಗಳನ್ನು ತೆಗೆದುಕೊಂಡು, ಕೆಲಸದ ಜಾಗದಲ್ಲಿ ಕಲಿತ ಇಂಗ್ಲಿಷಿನಲ್ಲಿ ತಾವೇ ಶುರು ಮಾಡಿದರು. ಮೂರು ವರ್ಷದ ಮೂರು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರು. ಗೆರೆಗೆ ಗೆರೆ ಕೂತಿತು. ಪಕ್ಕದ ಮರದ ಗಂಡಿನದನ್ನು ಇಟ್ಟರು, ಕೂರಲಿಲ್ಲ. ಪ್ರೊಫೆಸರ್ ಎದ್ದು ಬಂದು, ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ತಪ್ಪು ನನ್ನದು," ಎಂದರು. ಆಮೇಲೆ, ಎಲ್ಲಿ ಓದಿದ್ದೀರಿ ಎಂದು ಕೇಳಿದರು.

"ಎಂಟನೇ ಕ್ಲಾಸು. ಉಡುಪಿಯಲ್ಲಿ."

ಮುಂದೆಯೂ ಆರು ವರ್ಷ ಅವರು ಹೋಗಿಬಂದರು. ಪ್ರತಿ ಸಲವೂ "ನೀನೂ ಬಾ" ಎನ್ನುತ್ತಿದ್ದರು. ನನಗೆ ಒಮ್ಮೆ ಮಗು ಚಿಕ್ಕದು, ಒಮ್ಮೆ ರಜೆಯಿಲ್ಲ... ಕೊನೆಗೆ ಅವರಿಗೆ ಕ್ಯಾನ್ಸರ್ ಬಂತು. ಆಸ್ಪತ್ರೆಯ ಹಾಸಿಗೆಯಲ್ಲೂ ನೋಟ್‌ಬುಕ್ಕಿನ ಪುಟಗಳಿಗೆ ನಂಬರ್ ಹಾಕುತ್ತಿದ್ದರು. ಒಂದು ತಿಂಗಳಷ್ಟೇ ಇದ್ದದ್ದು.

ಕಳೆದ ವರ್ಷ ಕೊನೆಗೂ ಆ ಕಾಡಿಗೆ ಹೋದೆ. ಮೂರು ದಿನ ನಿಂತು ನೋಡಿದೆ. ಎಲೆ, ಪಾಚಿ, ತೊಗಟೆ... ಅಷ್ಟೇ ಕಂಡದ್ದು. ಅವು ಅಲ್ಲೇ ಇದ್ದವು, ನನಗೆ ಗೊತ್ತು. ತೋರಿಸುವವರು ಇರಲಿಲ್ಲ.