ರಾಮದಾಸ ಬಿಟ್ಟ ಮಾತು

ಕ್ರೋಂಪೇಟೆಯ ರಾಮದಾಸನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಅವನ ತಂದೆ ರೈಲ್ವೆ ಕೆಲಸ ಹಿಡಿದು ಚನ್ನಪಟ್ಟಣದಿಂದ ಮದ್ರಾಸಿಗೆ ಬಂದವರು. ಅವರೊಟ್ಟಿಗೆ ಬಂದ ಪಾತ್ರೆಪಗಡ ಎಲ್ಲ ಒಂದೊಂದಾಗಿ ಕಳೆದುಹೋಯಿತು, ಮನೆತನದ ಸಿಡುಕು ಮಾತ್ರ ಮಗನಿಗೆ ಪೂರ್ತಿಯಾಗಿ ಉಳಿಯಿತು. ರಾಮದಾಸ ಹಾಲಿನವನ ಜತೆ ಜಗಳವಾಡುತ್ತಿದ್ದ, ಬಸ್ ಕಂಡಕ್ಟರ್ ಜತೆ ಜಗಳವಾಡುತ್ತಿದ್ದ, ಯಾರೂ ಸಿಗದ ದಿನ ಹೆಂಡತಿ ಶಾರದಮ್ಮನ ಸಾರಿನ ಜತೆ ಜಗಳವಾಡುತ್ತಿದ್ದ. ಅವನ ಬಗ್ಗೆ ಒಳ್ಳೆಯ ಮಾತು ಹೇಳೋಣವೆಂದರೆ ಒಂದೇ ಇದೆ, ಕೆಲಸದಲ್ಲಿ ಕೈ ಚೊಕ್ಕ.

ಕೆಲಸವೆಂದರೆ ಆನಿಂಗ್ ಕೂರಿಸುವುದು. ಗೋಡೆಗೆ ಉದ್ದನೆಯ ಸುರುಳಿ ಬಿಗಿದಿರುತ್ತದೆ. ಹಿಡಿ ತಿರುಗಿಸಿದರೆ ಬಟ್ಟೆಯ ಚಪ್ಪರ ಹೊರಗೆ ಚಾಚಿಕೊಳ್ಳುತ್ತದೆ, ಹಿಂದಕ್ಕೆ ತಿರುಗಿಸಿದರೆ ಒಳಗೆ ಸುತ್ತಿಕೊಳ್ಳುತ್ತದೆ. ಎರಡು ಸಾವಿರದ ಇಸವಿಯಿಂದ ಈಚೆಗೆ ಚೆನ್ನೈನ ದುಡ್ಡಿದ್ದವರಿಗೆಲ್ಲ ಇದರ ಹುಚ್ಚು ಹಿಡಿಯಿತು. ಕೆರೆ ದಂಡೆಯಲ್ಲಿ ಮನೆ ಕಟ್ಟಿ, ಹಿಂದುಗಡೆ ಮರದ ಹಲಗೆ ಹಾಸಿ, ಅದಕ್ಕೆ ಡೆಕ್ ಎಂದು ಹೆಸರಿಟ್ಟು, ನೆರಳಲ್ಲಿ ಕೂತು ಕಾಫಿ ಕುಡಿಯುವುದು. ಎದುರಿಗೆ ಕಾಣುವುದು ಅಂತರಗಂಗೆ ಬೆಳೆದ, ಊರ ಚರಂಡಿಯೆಲ್ಲ ಬಂದು ಸೇರುವ ನೀರು. ಅವರ ಕಾಫಿ ಅವರ ಕಷ್ಟ ಎಂದು ರಾಮದಾಸ ಗೊಣಗಿಕೊಂಡೇ ಮೊಳೆ ಹೊಡೆಯುತ್ತಿದ್ದ.

ಈ ಕೆಲಸ ಒಬ್ಬನಿಂದ ಆಗುವುದಲ್ಲ. ಎರಡು ತುದಿಗೆ ಎರಡು ಏಣಿ, ಇಬ್ಬರು ಆಳು. ಇನ್ನೊಂದು ಏಣಿಯ ಮೇಲೆ ಇರುತ್ತಿದ್ದವನು ಶಾರದಮ್ಮನ ತಮ್ಮ ಗಿರಿಧರ್, ಮಾಧವರಂನಲ್ಲಿ ಮನೆ. ಭಾವ, ಭಾವಮೈದುನ ಚೆನ್ನಾಗಿಯೇ ಇದ್ದರು. ರಾಮದಾಸನ ಮಗಳು ವಂದನಾಗೆ ಮೊದಲ ಸಂಬಂಧ ಬಂದಾಗ ಗಂಡಿನ ಕಡೆಯವರು ಗಿರಿಧರನ ಹತ್ತಿರ ವಿಚಾರಿಸಿದರು. ಹುಡುಗಿ ಅಪರಂಜಿ, ಆದರೆ ಅಪ್ಪನನ್ನು ಮಾತ್ರ ಸ್ವಲ್ಪ ಸಹಿಸಿಕೊಳ್ಳಬೇಕು ಎಂದು ಅವನು ನಗುತ್ತಾ ಹೇಳಿಬಿಟ್ಟ. ಅವರು ನಗಲಿಲ್ಲ, ಮತ್ತೆ ಬರಲೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಮದಾಸ ಅಂದಿನಿಂದ ಗಿರಿಧರನ ಜತೆ ಮಾತು ಬಿಟ್ಟ.

ಮಾತು ಬಿಟ್ಟರೂ ಕೆಲಸ ಬಿಡುವಂತಿರಲಿಲ್ಲ. ಇಬ್ಬರೂ ಸ್ಪ್ಯಾನರಿನಲ್ಲೇ ಮಾತಾಡಲು ಕಲಿತರು. ಕಬ್ಬಿಣದ ಮೇಲೆ ಒಂದು ಬಡಿತಕ್ಕೆ ಎತ್ತು, ಎರಡಕ್ಕೆ ಬಿಗಿ, ಮೂರಕ್ಕೆ ಕಟ್ಟು ಬಿಚ್ಚು. ಆನಿಂಗಿನ ಮಡಚುವ ತೋಳುಗಳೊಳಗೆ ಗಟ್ಟಿ ಸ್ಪ್ರಿಂಗ್ ಇರುತ್ತದೆ. ಬಟ್ಟೆಯ ಅಂಚು ಹಿಡಿಯುವ ಮುಂದಿನ ಕಂಬಿಯ ಎರಡೂ ತುದಿ ಬಿಗಿಯುವವರೆಗೆ ಆ ತೋಳುಗಳನ್ನು ಪಟ್ಟಿಯಲ್ಲಿ ಕಟ್ಟಿಟ್ಟಿರಬೇಕು. ಮೊದಲೇ ಬಿಚ್ಚಿದರೆ ಎಮ್ಮೆ ಒದ್ದಂತೆ ಒದೆಯುತ್ತದೆ. ಮೂರು ವರ್ಷ ಹೀಗೇ ನಡೆಯಿತು. ‘ತಾಳು’ ಎನ್ನುವುದಕ್ಕೆ ಮಾತ್ರ ಅವರಲ್ಲಿ ಬಡಿತವಿರಲಿಲ್ಲ, ಬೇಕೆಂದು ಇಬ್ಬರಿಗೂ ತೋಚಿರಲಿಲ್ಲ.

ಅಷ್ಟರಲ್ಲಿ ವಂದನಾಗೆ ಬೇರೆ ಸಂಬಂಧ ಕುದುರಿತು. ಅವರ ಮನೆತನದಲ್ಲಿ ಹೆಣ್ಣನ್ನು ಸೋದರಮಾವ ಎತ್ತಿಕೊಂಡು ಬಂದು ಮಂಟಪದಲ್ಲಿ ಕೂರಿಸಬೇಕು. ಇರುವವನು ಒಬ್ಬನೇ ಸೋದರಮಾವ, ಗಿರಿಧರ್. ಅಕ್ಕ ಕುಂಕುಮ ಅಕ್ಷತೆ ಹಿಡಿದು ಕರೆಯಲು ಹೋದಾಗ ಅವನು, ಮನೆಯ ಯಜಮಾನ ಬಾಯಿಬಿಟ್ಟು ಕರೆದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿ ಕಳಿಸಿದ. ರಾಮದಾಸ ಬಾಯಿ ಬಿಡಲಿಲ್ಲ. ಮದುವೆ ಕಾಗದವನ್ನು ಗಿರಿಧರನ ಸಾಮಾನಿನ ಚೀಲದೊಳಗೆ ತುರುಕಿದ. ಮಾರನೆಯ ದಿನ ಅದು ರಾಮದಾಸನ ಚೀಲದಲ್ಲೇ ಇತ್ತು. ಮನೆಯಲ್ಲಿ ವಂದನಾ ತನಗೆ ಸಲೀಸಾದ ತಮಿಳಲ್ಲೇ ಅಪ್ಪನಿಗೆ ಹೇಳಿದಳು: “ಮಾಮಾ ಇಲ್ಲಾಮ ನಾ ಮಣೆಯಿಲ ಉಕ್ಕಾರ ಮಾಟ್ಟೇನ್.” ಮಾವ ಇಲ್ಲದೆ ಹಸೆಮಣೆ ಏರುವುದಿಲ್ಲ ಎಂದಳು, ಏರುವವಳೂ ಅಲ್ಲ. ಮಗಳಿಗೂ ಅವನದೇ ಹಟ ಬಂದಿತ್ತು.

ಮದುವೆಗೆ ಇನ್ನು ಒಂದು ತಿಂಗಳಿರುವಾಗ ಚಿಟ್ಲಪಾಕ್ಕಂ ಕೆರೆಯ ದಂಡೆಯ ಮನೆಯೊಂದರಲ್ಲಿ ಕೆಲಸ ಬಂತು. ಇವತ್ತು ಕರೆದುಬಿಡುತ್ತೇನೆ ಎಂದು ರಾಮದಾಸ ಬೆಳಿಗ್ಗೆ ಹೆಂಡತಿಗೆ ಮಾತು ಕೊಟ್ಟು ಬಂದಿದ್ದ. ಊಟದ ಹೊತ್ತಿನವರೆಗೂ ನಾಲಗೆ ಏಳಲಿಲ್ಲ. ಎದುರಿಗೆ ಕೂತು ಬುತ್ತಿ ಬಿಚ್ಚಿದ ಗಿರಿಧರ್ ತಲೆ ಎತ್ತಿ ಒಮ್ಮೆ ನೋಡಿದ, ಕರೆಯುತ್ತಾನೋ ಎಂದು ಕಾದ, ಆಮೇಲೆ ಮುಖ ತಿರುಗಿಸಿ ಉಂಡ.

ಮಧ್ಯಾಹ್ನ ಮುಂದಿನ ಕಂಬಿ ಏರಿಸಿದರು. ಗಿರಿಧರ್ ತನ್ನ ತುದಿ ಬಿಗಿದು, ಪಟ್ಟಿಯ ಮೇಲೆ ಚಾಕು ಇಟ್ಟುಕೊಂಡು ಕಾಯುತ್ತಿದ್ದ. ರಾಮದಾಸನ ಕೈಯಿಂದ ಬೋಲ್ಟು ಜಾರಿ ಹಲಗೆಯ ಸಂದಿಯಲ್ಲಿ ಬಿತ್ತು. ಅವನ ತುದಿ ಇನ್ನೂ ಬಿಗಿದಿರಲಿಲ್ಲ. ಬಿಸಿಲಿಗೆ ಸೋತ ಗಿರಿಧರ್ ಈಚೆ ನೋಡದೆ ಚಾಕುವನ್ನು ಒತ್ತಿ ಹಿಡಿದದ್ದು ರಾಮದಾಸನಿಗೆ ಕಂಡಿತು. ‘ಬೇಡ’ ಎಂಬ ಮಾತು ಗಂಟಲಿಗೆ ಬಂತು. ಕಾಗದ ವಾಪಸು ಮಾಡಿದವನಿಗೆ ನಾನೇಕೆ ಮೊದಲು ಮಾತಾಡಲಿ ಎಂಬ ಹಾಳು ಯೋಚನೆಯೂ ಅದರ ಹಿಂದೆಯೇ ಬಂತು. ಅವನು ಸ್ಪ್ಯಾನರ್ ಎತ್ತಿ ಕಬ್ಬಿಣದ ಮೇಲೆ ಹುಚ್ಚನಂತೆ ಬಡಿದ.

ಗಿರಿಧರ್ ಮೂರು ಬಡಿತ ಕೇಳಿದ, ಪಟ್ಟಿ ಕೊಯ್ದ.

ತೋಳು ಸಿಡಿದು ಕಂಬಿ ಅವನ ಬಲಗೈಗೆ ಅಪ್ಪಳಿಸಿತು. ಏಣಿಯ ಸಮೇತ ಹಲಗೆಯ ಮೇಲೆ ಬಿದ್ದ. ರಾಮದಾಸ ಇಳಿದು ಓಡಿಬಂದು “ಗಿರೀ, ಗಿರೀ” ಎಂದು ಕೂಗತೊಡಗಿದ. ಮೂರು ವರ್ಷ ಕಟ್ಟಿದ್ದ ಬಾಯಿ ಆಗ ಬಿಟ್ಟಿತು, ಯಾರಿಗೂ ಉಪಯೋಗವಿಲ್ಲದ ಹೊತ್ತಿನಲ್ಲಿ.

ಭುಜ, ಮೊಣಕೈ ಎರಡೂ ಮುರಿದಿದ್ದವು. ಗಿರಿಧರ್ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ರಾಮದಾಸ ಮಾಧವರಂಗೆ ಹೋಗಿ ಬಾಗಿಲಲ್ಲೇ ನಿಂತು, ಮದುವೆಗೆ ನೀನು ಬರಬೇಕು ಗಿರಿ ಎಂದು ಕರೆದ. ಗಿರಿಧರ್ ಕೂರಿ ಎನ್ನಲಿಲ್ಲ.

“ಬರ್ತೀನಿ ಭಾವ. ವಂದನಾಗೋಸ್ಕರ ಬರ್ತೀನಿ. ನಿಮ್ಮ ಜತೆ ಇನ್ನು ಏಣಿ ಹತ್ತಲ್ಲ. ನಾನು ಬಾಯ್ತಪ್ಪಿ ಆಡಿದ್ದು ಒಂದು ಮಾತು, ನೀವು ಬೇಕಂತ ಆಡದೇ ಇದ್ದದ್ದು ಒಂದು ಮಾತು. ಯಾವುದು ದೊಡ್ಡದು, ನೀವೇ ಹೇಳಿ.”

ರಾಮದಾಸ ಬಾಗಿಲಿಂದಲೇ ಹಿಂತಿರುಗಿದ. ಬಸ್ಸು ಹತ್ತಿ ಮನೆಗೆ ಬಂದ.

ಟಿ. ನಗರದ ಛತ್ರದಲ್ಲಿ ಮದುವೆಯ ದಿನ ಗಿರಿಧರ್ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದ. ಸೋದರಮಾವನ ಕೈಯಲ್ಲಿ ಆಗದಿದ್ದರೆ ಹೆತ್ತ ತಂದೆ ಎತ್ತಿಕೊಂಡು ಬರಬಹುದು ಎಂದರು ಪುರೋಹಿತರು. ರಾಮದಾಸ ಪಂಚೆ ಬಿಗಿದು ಮುಂದೆ ಬಂದು ಮಗಳ ಎದುರು ಎರಡೂ ಕೈ ಚಾಚಿದ. ಅವನ ಕಣ್ಣು ತುಂಬಿತ್ತು.

ವಂದನಾ ಆ ಕೈಗಳನ್ನು ನೋಡಿದಳು. “ವೇಂಡಾಂ ಪಾ,” ಬೇಡಪ್ಪ ಎಂದಳು. “ನಾನೇ ನಡಂದು ಪೋರೇನ್.”

ಮಾವನ ಎಡಗೈ ಹಿಡಿದು ಅವಳು ತಾನೇ ನಡೆದು ಮಂಟಪಕ್ಕೆ ಹೋದಳು. ಜನ ದಾರಿ ಬಿಟ್ಟರು. ಚಾಚಿದ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ರಾಮದಾಸ ಅಲ್ಲೇ ನಿಂತಿದ್ದ.