ನಾಡಿ ಮೂವತ್ತಾರು

ನನ್ನ ಗಂಡನ ನಾಡಿ ಮೊದಲ ಸಲ ಮೂವತ್ತಾರಕ್ಕೆ ಇಳಿದ ಬೆಳಿಗ್ಗೆ ನಾನು ಖುಷಿಪಟ್ಟೆ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಅವರು ಹದಿನೈದು ವರ್ಷ ಸೈಕಲ್ ರೇಸಿನಲ್ಲೇ ಸಂಬಳ ತಂದವರು. ಅವರು ಹಾಸಿಗೆಯಿಂದ ಏಳುವ ಮೊದಲೇ ನಾನು ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತಾ ನಾಡಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಕಾಫಿಗೆ ನೀರಿಡುವುದು ಆಮೇಲೆ. ಕೊಳ್ಳೇಗಾಲದ ರೇಷ್ಮೆ ನೇಯುವವರ ಮಗಳು ನಾನು, ಎಳೆ ಎಣಿಸಿ ಬೆಳೆದವಳು, ಎಣಿಕೆ ತಪ್ಪುವುದಿಲ್ಲ. ಸಂಖ್ಯೆ ಇಳಿದಷ್ಟೂ ಹೃದಯ ಗಟ್ಟಿ ಎಂದು ಅವರೇ ಕಲಿಸಿದ್ದರು. ಆ ದಿನಗಳಲ್ಲಿ ನಲವತ್ತೆರಡು ಬಂದರೆ ಮನೆಯಲ್ಲಿ ಹಬ್ಬ.

ಅವರು ಗೆದ್ದದ್ದು ಕಡಿಮೆ, ಗೆಲ್ಲಿಸಿದ್ದೇ ಹೆಚ್ಚು. ತಂಡದ ಮುಂದಾಳಿನ ಚಕ್ರ ಪಂಕ್ಚರ್ ಆದರೆ ತಮ್ಮದನ್ನು ಬಿಚ್ಚಿ ಕೊಟ್ಟು ರಸ್ತೆ ಬದಿ ನಿಂತುಬಿಡುವವರು. ನಾನು ಬೈದರೆ, “ಅದೇ ಕಣಮ್ಮಿ ನನ್ ಕೆಲ್ಸ” ಅನ್ನುತ್ತಿದ್ದರು. ರೇಸು ಬಿಟ್ಟ ಮೇಲೆ ಇಲ್ಲೇ ಕೊಳ್ಳೇಗಾಲದಲ್ಲಿ ಒಂದು ತಂಡದ ಮ್ಯಾನೇಜರ್ ಆದರು. ಯಾವ ಸವಾರ ಊಟ ಬಿಟ್ಟಿದ್ದಾನೆ, ಯಾರಿಗೆ ನಿದ್ದೆಯಿಲ್ಲ, ಪೆಡಲ್ ತುಳಿಯುವುದನ್ನು ನೋಡಿಯೇ ಹೇಳುತ್ತಿದ್ದರು. ಅಷ್ಟು ಕಣ್ಣಿದ್ದವರಿಗೆ ತಮ್ಮ ಮೈ ಕಾಣಲಿಲ್ಲ.

ಬಿಳಿಗಿರಿರಂಗನ ಬೆಟ್ಟದ ಏರಿನಲ್ಲಿ ಸೈಕಲ್ ತುಳಿಯುವಾಗ ಅವರಿಗೆ ಏದುಸಿರು ಬಂತು. ಎದ್ದು ನಿಂತರೆ ತಲೆಸುತ್ತು. ವಯಸ್ಸು ಅಂದರು. ನಾಡಿ ಮೂವತ್ತಾರಾದಾಗ, “ನೋಡ್ದಾ, ಇನ್ನೂ ರೇಸ್ ಓಡ್ಸಬೋದು” ಎಂದು ಮೀಸೆ ತಿರುವಿದರು. ನಾನೂ ಸವಾರರಿಗೆಲ್ಲ ಹೇಳಿಕೊಂಡು ಬಂದೆ.

ಕೆಲವು ದಿನಗಳ ಮೇಲೆ, ತಂಡದ ಅಭ್ಯಾಸದಲ್ಲಿ, ಹನೂರು ದಾಟಿ ಅಜ್ಜೀಪುರದ ಹತ್ತಿರ, ಬರುತ್ತಿದ್ದ ಸವಾರನಿಗೆ ನೀರಿನ ಬಾಟಲಿ ಕೊಡಲು ಕೈಚಾಚಿದವರು ನಿಂತಲ್ಲೇ ಬಿದ್ದರು.

ಸವಾರರೇ ಜೀಪಿನಲ್ಲಿ ಕೊಳ್ಳೇಗಾಲಕ್ಕೆ ತಂದರು. ಇಸಿಜಿ ಆಯಿತು. ಪಲ್ಸ್ ಯಾವಾಗಿನಿಂದ ಇಷ್ಟು ಕಡಿಮೆ ಎಂದು ಡಾಕ್ಟರ್ ಕೇಳಿದರು. ನೋಟ್‌ಬುಕ್ ಕೊಟ್ಟೆ. ಮೂವತ್ತಾರು, ಮೂವತ್ತೈದು, ಮೂವತ್ತನಾಲ್ಕು. ಒಂದೊಂದರ ಪಕ್ಕದಲ್ಲೂ ನಾನೇ ಬರೆದ ನಕ್ಷತ್ರ.

“ಇದು ಫಿಟ್‌ನೆಸ್ ಅಲ್ಲಮ್ಮ. ಕಂಪ್ಲೀಟ್ ಹಾರ್ಟ್ ಬ್ಲಾಕ್. ಬಡಿಯಲು ಹೇಳುವ ಕರೆಂಟು ಹೃದಯದ ಕೆಳಭಾಗಕ್ಕೆ ಹೋಗ್ತಿಲ್ಲ.”

ಆಂಬ್ಯುಲೆನ್ಸಿನಲ್ಲಿ ಮೈಸೂರು. ಬಡಿತ ಅರವತ್ತರ ಕೆಳಗಿಳಿಯದಂತೆ ಕಾಯುವ ಪೇಸ್‌ಮೇಕರ್ ಹಾಕದಿದ್ದರೆ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು ಎಂದರು. ಐಸಿಯು ಹೊರಗೆ ಕೂತು ನನ್ನನ್ನು ನಾನೇ ಬೈದುಕೊಂಡೆ. ಗಂಡ ಕೈಯಲ್ಲೇ ಸಾಯುತ್ತಿದ್ದರೆ ನಕ್ಷತ್ರ ಬರೆದುಕೊಂಡು ಕೂತಿದ್ದೆ.

ಪೇಸ್‌ಮೇಕರ್ ಹಾಕಿದ ಮರುದಿನ ಅವರೇ ನನ್ನ ಕೈ ಹಿಡಿದರು. “ಅಳ್‌ಬ್ಯಾಡ ಕಣಮ್ಮಿ. ಎಣಿಸ್ದೋಳು ನೀನು, ಮೀಸೆ ತಿರುವ್ದೋನು ನಾನು.” ಆಮೇಲೆ ಸವಾರರನ್ನು ಕರೆಸಿದರು. “ಪಲ್ಸ್ ಕಮ್ಮಿಯಾಯ್ತು ಅಂತ ಕುಣೀಬ್ಯಾಡ್ರಲಾ. ತಲೆ ತಿರುಗ್ತದಾ ನೋಡ್ಕಳಿ. ಮದ್ಲು ಎಲ್ರೂ ಇಸಿಜಿ ಮಾಡ್ಸಿ.” ಎದೆಯ ಹೊಲಿಗೆ ಇನ್ನೂ ಹಸಿಯಾಗಿತ್ತು. ಚಕ್ರ ಬಿಚ್ಚಿ ಕೊಡುವ ಬುದ್ಧಿ ಮಾತ್ರ ಹೋಗಿರಲಿಲ್ಲ.

ಮೊನ್ನೆ ಡಾಕ್ಟರ್ ಸೈಕಲ್ ಹತ್ತಲು ಒಪ್ಪಿದರು, ನಿಧಾನವಾಗಿ, ಸಮತಟ್ಟು ರಸ್ತೆಯಲ್ಲಿ. ಯಳಂದೂರಿಗೆ ಹೋಗಿ ಬಂದರು. ಹಿಂದೆ ಜೀಪಿನಲ್ಲಿ ಅವರ ಸವಾರರು ನೀರಿನ ಬಾಟಲಿ ಹಿಡಿದುಕೊಂಡು ಹೋದರು.

ಈಗಲೂ ಬೆಳಿಗ್ಗೆ ಎಣಿಸುತ್ತೇನೆ.

“ಎಷ್ಟು?”

“ಅರವತ್ತು.”

“ಥೂ, ಸೋಂಬೇರಿಗಳ ನಾಡಿ” ಎಂದು ಮುಖ ಸಿಂಡರಿಸುತ್ತಾರೆ. ನಾನು ಕೈ ಬಿಡದೆ ಇನ್ನೊಂದು ನಿಮಿಷ ಎಣಿಸುತ್ತೇನೆ. ಅರವತ್ತೇ. ಎದ್ದು ಕಾಫಿಗೆ ನೀರಿಡುತ್ತೇನೆ.