ಬಾಜೂಮನೆಯ ಕಾಕೂ ಎಂಥವಳು?

ನಿನ್ನೆ ಸೊಸೆ ಮೆಂತ್ಯದ ಹಿಟ್ಟಿನ ಡಬ್ಬಿ ತೆರೆದಾಗ ಆ ವಾಸನೆಗೆ ಧಾರವಾಡದ ನಮ್ಮ ಬಾಜೂಮನೆಯ ಕಾಕೂ ನೆನಪಾದಳು. ಮಲ್ಲಿಗೆ ಬಳ್ಳಿ ಮುಟ್ಟಿದರೆ ನಮ್ಮ ಏಳು ತಲೆಮಾರನ್ನೂ ಬೈಯುತ್ತಿದ್ದಳು. ಬೈದು ಮುಗಿಸಿ ಹಿತ್ತಲ ಬಾಗಿಲಿಗೆ ಕರೆದು, ಬಿಸಿ ಅನ್ನಕ್ಕೆ ಮೆಂತ್ಯದ ಹಿಟ್ಟು, ಮೇಲೆ ಕೈತುಂಬ ತುಪ್ಪ. ಇದರಲ್ಲಿ ಖರೇ ಕಾಕೂ ಯಾವಾಕೆಯೋ...

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಆಗ ಗಂಡಿನವರು ಹೆಣ್ಣು ನೋಡುವ ಮೊದಲು ನೆರೆಮನೆಯಲ್ಲಿ ಕೂತು ಹುಡುಗಿಯ ಗುಣ ವಿಚಾರಿಸುತ್ತಿದ್ದರು. ಅಕ್ಕನಿಗೆ ಬಂದ ವರ ಹುಬ್ಬಳ್ಳಿಯ ಕಾರಕೂನ ಹುಡುಗ. ಎರಡು ಸಂಬಂಧ ತಪ್ಪಿದ್ದವು, ಇದೂ ತಪ್ಪಿದರೆ ಮುಂದೇನೆಂದು ಅವ್ವನಿಗೆ ಅನ್ನ ಇಳಿಯುತ್ತಿರಲಿಲ್ಲ. ಗಂಡಿನವರು ಕಾಕೂನ ಮನೆಯಲ್ಲಿ ಅರ್ಧ ತಾಸು ಕೂತರು. ನಮ್ಮ ಬಾಗಿಲಿಗೆ ಬರಲೇ ಇಲ್ಲ, ಟಾಂಗಾ ಹಾಗೇ ತಿರುಗಿತು. ಹೊಸ ಸೀರೆ ಉಟ್ಟ ಅಕ್ಕ ಒಳಗೇ ಕೂತಿದ್ದಳು.

ಅವ್ವ ಓಡಿಹೋಗಿ ಕಾಕೂನನ್ನು ಕೇಳಿದಳು.

“ಹುಡುಗಿ ಶ್ಯಾಣ್ಯಾಕಿ, ಆದ್ರ ಸಿಟ್ಟು ಭಾಳ, ಅನ್ನಿಸಿಕೊಂಡು ಸುಮ್ಮನಿರಾಕಿ ಅಲ್ಲ ಅಂತ ಹೇಳಿದೆ, ವೈನಿ. ಸುಳ್ಳು ಹೇಳ್ಬೇಕಿತ್ತೇನ್ರಿ?”

ಅಕ್ಕನ ಸಿಟ್ಟು ಓಣಿಗೆಲ್ಲ ಗೊತ್ತಿತ್ತು. ಆದರೂ ಕಾಕೂನ ಮನೆಯ ಕಡೆಗಿದ್ದ ನಮ್ಮ ಹಿತ್ತಲ ಬಾಗಿಲಿಗೆ ಅಂದೇ ಮೊಳೆ ಬಿತ್ತು.

ಆರು ತಿಂಗಳಾಗಿರಲಿಲ್ಲ, ಅದೇ ಹುಡುಗನಿಗೆ ಕಾಕೂ ತನ್ನ ತಂಗಿಯ ಮಗಳನ್ನು ಕೊಡಿಸಿದಳು! ತಲೆಯೆತ್ತಿ ಮಾತಾಡದ ಹುಡುಗಿ ಅದು. ಇದಕ್ಕೇ ನಮ್ಮ ಸಂಬಂಧ ಮುರಿದಳು, ಅವಳ ಬಾಯಿಗೆ ಮಣ್ಣು ಬೀಳಲಿ ಎಂದಳು ಅವ್ವ. ನಾನೂ ಹಾಗೇ ನಂಬಿದೆ.

ಎರಡನೇ ವರ್ಷ ಆ ಹುಡುಗಿ ಕಾಕೂನ ಮನೆಗೆ ತಿರುಗಿ ಬಂದಳು. ಅತ್ತೆ ಕೊಟ್ಟ ಬರೆ ಮೊಣಕೈವರೆಗೆ ಇತ್ತು. ನಾನು ತಡೆಯಲಾರದೆ ಮುಂಬಾಗಿಲಿನಿಂದಲೇ ಹೋಗಿ, ಆ ಮನೆ ಇಂಥದ್ದೆಂದು ಮೊದಲೇ ಗೊತ್ತಿತ್ತೇ ಎಂದು ಕಾಕೂನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಲೇ ಹೇಳಿದಳು.

“ಆಕಿ ಅತ್ತಿ ಕೆಟ್ಟಾಕಿ ಅಂತ ಗೊತ್ತಿತ್ತವ್ವಾ. ನಿಮ್ಮಕ್ಕ ಅಲ್ಲಿ ಒಂದ್ ದಿನ ಬಾಳ್ತಿದ್ದಿಲ್ಲ. ನಮ್ಮಾಕಿ ಸುಮ್ಮನಿರಾಕಿ, ತಾಳ್ಕೋತಾಳ ಅಂದ್ಕೊಂಡೆ...”

ಎದ್ದು ಬಂದೆ. ಕೃತಜ್ಞತೆಯೋ ಅಸಹ್ಯವೋ, ನನಗೇ ತಿಳಿಯಲಿಲ್ಲ. ಅಕ್ಕನನ್ನು ಉಳಿಸಿದಳೇ? ಹಾಗಿದ್ದರೆ ಆ ಮೂಕ ಹುಡುಗಿಯನ್ನೇಕೆ ನೂಕಿದಳು? ಒಳ್ಳೆಯ ವರ ತನ್ನವರಿಗೇ ಸಿಗಲೆಂಬ ಆಸೆಯೂ ಇತ್ತೇ?

ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿಯಾದಳು, ಸಿಟ್ಟು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಕಾಕೂ ತೀರಿಕೊಂಡ ದಿನ ಅಕ್ಕ ಹೋಗಿ ಅತ್ತು ಬಂದಳು. ಆ ತಂಗಿಯ ಮಗಳು ಮಾತ್ರ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳಂತೆ, ಕಣ್ಣಲ್ಲಿ ಒಂದು ಹನಿ ಇರಲಿಲ್ಲವಂತೆ.

ನಾನು ಹೋಗಲಿಲ್ಲ. ಯಾರ ಪಕ್ಕ ಕೂಡಬೇಕೆಂದು ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಾಗಿಲ್ಲ.